ಕಾಫಿ ಚರಟ ಗಿಡಕ್ಕೆ ಹಾಕಬಹುದಾ? ತೋಟಗಾರಿಕೆ ಮೇಡಂಗೆ ಕೇಳಿ

ಶಿರಸಿ: ಮೇಡಂ, ಫಿಲ್ಟರ್‌ನಲ್ಲಿ ಉಳಿದ ಚರಟವನ್ನು ಗುಲಾಬಿ ಬುಡಕ್ಕೆ ಹಾಕಬಹುದಾ?

ಮೇಡಂ: ಹಾಕಿ. ಒಂದು ಮುಷ್ಟಿ, ಮಣ್ಣಿಗೆ ಬೆರೆಸಿ.

ಕುಮಟಾ: ಚರಟ ಹುಳಿ ಅಲ್ವಾ? ನಮ್ಮದು ಚಿರೆಕಲ್ಲು ಮಣ್ಣು, ಮೊದಲೇ ಹುಳಿ.

ಮೇಡಂ: ಹುಳಿ ಬಹುಪಾಲು ಡಿಕಾಕ್ಷನ್ ಜೊತೆ ಲೋಟಕ್ಕೆ ಹೋಗಿರುತ್ತದೆ. ಚರಟದಲ್ಲಿ ಉಳಿಯುವುದು ಅಲ್ಪ.

ಸಿದ್ದಾಪುರ: ಮಳೆ ಹಿಡಿದಾಗಿನಿಂದ ಡೇರೆ ಹೂವಿನ (ಡೇಲಿಯಾ) ಕುಂಡಗಳಿಗೆ ದಿನಾ ಚರಟ ಸುರಿದೆ. ಈಗ ಮೇಲೆ ಬಿಳಿ ಬೂಷ್ಟು. ಕೆಳಗಿನ ಎಲೆ ಹಳದಿ. ಬುಡ ಹಿಸುಕಿದರೆ ಮೆತ್ತಗೆ. ಮೊಗ್ಗು ಬೇರೆ ಬಂದಿತ್ತು.

ಮೇಡಂ: ಫೋಟೋ ನೋಡಿ ಹೊಟ್ಟೆ ಉರಿಯಿತು. ಬೂಷ್ಟಿಗೆ ಹೆದರಬೇಡಿ, ಅದು ಚರಟ ತಿನ್ನುವುದು, ಗಿಡವನ್ನಲ್ಲ. ತೊಂದರೆ ಅದರ ಕೆಳಗಿದೆ. ನುಣುಪು ಚರಟ ದಪ್ಪಗೆ ಬಿದ್ದರೆ ಹೆಪ್ಪುಗಟ್ಟುತ್ತದೆ, ಮಣ್ಣಿಗೆ ಗಾಳಿ ಆಡುವುದಿಲ್ಲ. ಈ ಮಳೆಯಲ್ಲಿ ಕೇಳಬೇಕಾ, ಡೇರೆ ಗಡ್ಡೆ ಕೊಳೆಯುತ್ತದೆ. ಈಗಲೇ ಚರಟ ಪೂರ್ತಿ ಕೆರೆದು ತೆಗೆಯಿರಿ. ಕುಂಡ ಸೂರಿನಡಿ ಇಡಿ. ಅಡಿಯ ತೂತು ಕಟ್ಟಿದೆಯಾ ನೋಡಿ. ಗಿಡ ಮೆಲ್ಲಗೆ ಎತ್ತಿ, ಗಡ್ಡೆ ಗಟ್ಟಿ ಇದ್ದರೆ ಕೊಳೆತ ಭಾಗ ಮಾತ್ರ ಕತ್ತರಿಸಿ ಹೊಸ ಮಣ್ಣಿಗೆ ಹಾಕಿ. ಮೇಲೆ ಮೊಗ್ಗಿಲ್ಲದ ಚಿಗುರು ಇದ್ದರೆ ಗೆಣ್ಣಿನ ಕೆಳಗೆ ಕತ್ತರಿಸಿ ಮರಳು ಬೆರೆಸಿದ ಮಣ್ಣಿಗೆ ಊರಿ. ಡೇರೆ ಕಡ್ಡಿ ಬೇರು ಬಿಡುತ್ತದೆ, ತಳಿಯಾದರೂ ಉಳಿಯುತ್ತದೆ. ಅಂದಹಾಗೆ, ಹಾಲು, ಸಕ್ಕರೆ ಬೆರೆತದ್ದೂ ಸುರಿದಿದ್ದೀರಾ?

ಹೊನ್ನಾವರ: ಚರಟ ಮುಖಕ್ಕೆ ಹಚ್ಚಬಹುದಾ?

ಅಂಕೋಲಾ: *ಫಾರ್ವರ್ಡ್:* "ಚರಟದ ನೀರು ಹೊಡೆದರೆ ಅಡಿಕೆ ಕೊಳೆರೋಗ ಮಾಯ! ಎಲ್ಲರಿಗೂ ಹಂಚಿ."

ಮೇಡಂ: ಹಂಚಬೇಡಿ. ಇದನ್ನು ನಂಬಿ ಔಷಧಿ ಹೊಡೆಯದಿದ್ದರೆ ಅಡಿಕೆ ಗೊನೆಯೇ ಉದುರುತ್ತದೆ. ಕೊಳೆಗೆ ಶೇ 1ರ ಬೋರ್ಡೋ ದ್ರಾವಣ ಹೊಡೆಯಿರಿ: 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಮಳೆ ಹಿಡಿಯುವ ಮೊದಲೇ.

ಅಂಕೋಲಾ: ನಮ್ಮಜ್ಜ ಇದನ್ನೇ ಹಾಕುತ್ತಿದ್ದರು ಮೇಡಂ.

ಯಲ್ಲಾಪುರ: ನಿಮ್ಮಜ್ಜ ಕಾಫಿ ಕುಡಿದದ್ದು ಯಾವಾಗ ಮಾರಾಯ್ರೇ? ಕಷಾಯ ಕುಡಿದ ಮನೆ ಅಲ್ವಾ ನಿಮ್ಮದು?

ಅಂಕೋಲಾ: ನನ್ನ ಮನೆ ವಿಚಾರ ನಿಮಗ್ಯಾಕೆ? ಗೊತ್ತಿದ್ದರೆ ಮಾತಾಡಿ.

ಯಲ್ಲಾಪುರ: ಚರಟ ದರಕಿನ (ಒಣಗಿದ ಎಲೆ) ಜೊತೆ ಗೊಬ್ಬರಗುಂಡಿಗೆ ಹಾಕಬೇಕು ಅನ್ನುವುದಾದರೂ ಗೊತ್ತು.

ಕುಮಟಾ: ಗುಂಡಿಗೆ ಜಾಸ್ತಿ ಹಾಕಿದರೆ ಎರೆಹುಳ ಸಾಯುತ್ತದೆ.

ಯಲ್ಲಾಪುರ: ಸುಮ್ನೆ ಹೇಳಬೇಡಿ. ನಮ್ಮಲ್ಲಿ ಎರೆಹುಳ ತುಂಬಿದೆ.

ಮೇಡಂ: ಗುಂಡಿಯ ಐದರಲ್ಲಿ ಒಂದು ಪಾಲು ಮೀರದಿದ್ದರೆ ಸಾಕು, ಉಳಿದದ್ದು ದರಕು, ಸೊಪ್ಪು. ಇಬ್ಬರೂ ಬಿಡಿ.

ಕಾರವಾರ: ನಮ್ಮ ನಾಯಿಮರಿ ಕುಂಡದ ಚರಟ ತಿಂದಿದೆ. ಪರವಾಗಿಲ್ಲವಾ?

ಮೇಡಂ: ಪರವಾಗಿದೆ! ಕೆಫೀನ್ ನಾಯಿಗೆ ವಿಷ. ಇಲ್ಲಿ ಕಾಯಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ. ಎಷ್ಟು ತಿಂದಿದೆ, ಯಾವಾಗ ತಿಂದಿದೆ ಹೇಳಿ.

ಭಟ್ಕಳ: ಚರಟ ಸುಟ್ಟರೆ ಸೊಳ್ಳೆ ಹೋಗುತ್ತದಂತೆ, ನಿಜಾನಾ?

ಮುಂಡಗೋಡ: ಗುಲಾಬಿಗೆ ಹಾಕಬಹುದಾ ಮೇಡಂ?

ಮೇಡಂ: ಮೇಲೆ ಓದಿ.

ಮುಂಡಗೋಡ: ಸಾವಿರ ಮೆಸೇಜ್ ಇದೆ, ಒಂದು ಸಾಲು ಹೇಳಿದರೆ ಏನಾಗುತ್ತೆ?

ಸಿದ್ದಾಪುರ: ಹಾಲು ಬೆರೆತ ನೀರೂ ಸುರಿದದ್ದು ಹೌದು. ಒಂದು ಗಡ್ಡೆ ಗಟ್ಟಿ ಇದೆ, ಉಳಿದವು ಗಂಜಿ. ಆ ಮಣ್ಣಿಗೇ ಮತ್ತೆ ನೆಡಬಹುದಾ?

ಮೇಡಂ: ಬೇಡ. ಆ ಮಣ್ಣು ಬಾಳೆ ಬುಡಕ್ಕೆ ಸುರಿಯಿರಿ. ಗಟ್ಟಿ ಗಡ್ಡೆಯ ಫೋಟೋ ಹಾಕಿ, ಚಿಗುರೊಡೆಯುವ ಕಣ್ಣು ಉಳಿದಿದೆಯಾ ನೋಡುತ್ತೇನೆ.