ಅಪ್‌ಡೇಟ್: ಇತಿಹಾಸ ಕ್ವಿಜ್‌ನಲ್ಲಿ ಇಸವಿ ತಕರಾರು

ಕೇಳಿದ್ದು ಇಷ್ಟೇ: ಇತಿಹಾಸದ ಹುಚ್ಚಿರುವ ಗೆಳೆಯರು ಸೇರಿ ಕ್ವಿಜ್ ಆಡಿದರೆ ಇಸವಿ ಬಾಯಿಪಾಠ ಮಾಡಿದವರೇ ಗೆಲ್ಲುತ್ತಾರೆ, ಉಳಿದವರು ಉತ್ತರದ ಮೇಲೆ ತಗಾದೆ ತೆಗೆಯುತ್ತಾರೆ, ಏನು ಮಾಡುವುದು? ನೀವು ಕೊಟ್ಟ ಸಲಹೆಗಳಲ್ಲಿ ಗಟ್ಟಿಯಾಗಿ ನಿಂತದ್ದು ಕಾಲಕ್ರಮದ ಸುತ್ತು.

ಐದು ಘಟನೆಗಳ ಚೀಟಿ ಕಲಸಿ ಕೊಡಬೇಕು: ಕಾನ್‌ಸ್ಟಾಂಟಿನೋಪಲ್ ಪತನ (1453), ಕೊಲಂಬಸ್‌ನ ಮೊದಲ ಯಾನ (1492), ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ್ದು (1498), ಮೊದಲ ಪಾಣಿಪತ್ ಯುದ್ಧ (1526), ತಾಳಿಕೋಟೆ ಯುದ್ಧ (1565). ಜೋಡಿಸಿಟ್ಟ ಸಾಲಿನಲ್ಲಿ ಅಕ್ಕಪಕ್ಕದ ಎರಡರಲ್ಲಿ ಹಳೆಯದು ಮೊದಲಿದ್ದರೆ ಒಂದು ಅಂಕ, ಗರಿಷ್ಠ 4. ಅಂತರ ನೂರಾರು ವರ್ಷವಾದರೆ ಸಪ್ಪೆ, ಒಂದೆರಡು ವರ್ಷವಾದರೆ ಮತ್ತೆ ಬಾಯಿಪಾಠದ ಆಟವೇ. ಸಮಯ 90 ಸೆಕೆಂಡ್ ಸಾಕು.

ತಕರಾರಿನ ಮೂಲ ಬಹುಪಾಲು ಪ್ರಶ್ನೆಯಲ್ಲೇ ಇರುತ್ತದೆ. ನ್ಯೂಟನ್ ಹುಟ್ಟಿದ ವರ್ಷ ಕೇಳಿ ನೋಡಿ: ಹಳೆಯ ಜೂಲಿಯನ್ ಕ್ಯಾಲೆಂಡರ್ ಲೆಕ್ಕಕ್ಕೆ 1642ರ ಡಿಸೆಂಬರ್ 25, ಈಗ ನಾವು ಬಳಸುವ ಗ್ರೆಗೋರಿಯನ್‌ಗೆ 1643ರ ಜನವರಿ 4. ಇಬ್ಬರೂ ಸರಿ! ಯಾವ ಕ್ಯಾಲೆಂಡರ್ ಎಂದು ಪ್ರಶ್ನೆಯಲ್ಲೇ ಬರೆಯಬೇಕು.

‘ಮೊದಲ’ ಎಂಬ ಪದ ಅದಕ್ಕಿಂತ ಅಪಾಯ. ‘ಮುದ್ರಣ ಶುರು ಮಾಡಿದವರು ಯಾರು’ ಎಂದರೆ ಜರ್ಮನಿಯ ಮುದ್ರಕ ಗುಟೆನ್‌ಬರ್ಗ್ ಉತ್ತರವಾಗದು. ಚೀನಾದಲ್ಲಿ 868ರಲ್ಲೇ ಮರದಚ್ಚಿನಲ್ಲಿ ವಜ್ರಸೂತ್ರ ಎಂಬ ಬೌದ್ಧ ಗ್ರಂಥ ಬಂದಿತ್ತು, ಬಿಡಿ ಅಚ್ಚುಮೊಳೆಗಳನ್ನು ಬಿ ಶೆಂಗ್ 1040ರ ದಶಕದಲ್ಲೇ ಮಾಡಿದ್ದ. ‘ಯುರೋಪಿನಲ್ಲಿ, ಲೋಹದ ಅಚ್ಚುಮೊಳೆಯಿಂದ’ ಎಂದು ಸೇರಿಸಿ, ತಂಟೆ ಮುಗಿಯಿತು.

ನಿಖರ ಇಸವಿ ಈಗ ಟೈ ಬಿಡಿಸಲು ಮಾತ್ರ: ಎಲ್ಲರೂ ಚೀಟಿಯಲ್ಲಿ ಗುಟ್ಟಾಗಿ ಬರೆಯಬೇಕು, ಹತ್ತಿರ ಬಂದವರದು ಗೆಲುವು. ಬಾಯಲ್ಲಿ ಹೇಳಿಸಿದರೆ ಎರಡನೆಯವರು ಮೊದಲಿನವರಿಗಿಂತ ಒಂದು ವರ್ಷ ಹೆಚ್ಚುಕಮ್ಮಿ ಹೇಳಿ ಗೆಲುವು ಹೊಡೆದುಕೊಂಡು ಹೋಗುತ್ತಾರೆ.