ಟೂರ್ನಿಯ ದಿನವೇ ಫೈಟಿಂಗ್ ಗೇಮ್ ವಿಕಿಯ ಮೇಲೆ ದಾಳಿ: ಸ್ವಯಂಸೇವಕರು ನಡೆಸುವ ತಾಣವನ್ನು ಉಳಿಸಿಕೊಳ್ಳುವುದು ಹೇಗೆ?

ಕೆಂಗೇರಿ_ಕಾಂಬೊ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ದೇಶಗಳಲ್ಲಿರುವ ನಾವು ಐದು ಜನ ಸೇರಿ ಹಳೆಯ ಫೈಟಿಂಗ್ ಗೇಮೊಂದರ ವಿಕಿಯನ್ನೂ ಅದಕ್ಕೆ ಸೇರಿದ ವಾರದ ಆನ್‌ಲೈನ್ ಟೂರ್ನಿಯ ಬ್ರ್ಯಾಕೆಟ್ (ಯಾರು ಯಾರೆದುರು ಆಡುತ್ತಾರೆಂಬ ಪಟ್ಟಿ) ಪುಟವನ್ನೂ ಆರು ವರ್ಷಗಳಿಂದ ನಡೆಸಿಕೊಂಡು ಬರುತ್ತಿದ್ದೇವೆ. ಇದರಿಂದ ನಮಗೆ ಒಂದು ರೂಪಾಯಿ ಆದಾಯವಿಲ್ಲ. ಸರ್ವರ್ ಬಾಡಿಗೆಯನ್ನು ನಾವೇ ಹಂಚಿಕೊಂಡು ಕಟ್ಟುತ್ತೇವೆ.

ಕಳೆದ ಮೂರು ಶನಿವಾರವೂ ಟೂರ್ನಿ ಶುರುವಾಗಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ತಾಣ ನೆಲಕಚ್ಚಿದೆ. ಮೊದಲ ವಾರ, ಜನ ಹೆಚ್ಚಾಗಿ ಬಂದಿರಬೇಕು ಎಂದುಕೊಂಡೆವು. ಎರಡನೆಯ ವಾರ ಲಾಗ್ ತೆರೆದು ನೋಡಿದರೆ, ಹುಡುಕಾಟದ ಪುಟಕ್ಕೆ ಸೆಕೆಂಡಿಗೆ ನೂರಾರು ಕೋರಿಕೆಗಳು ಬರುತ್ತಿದ್ದವು. ಒಂದೊಂದರಲ್ಲೂ ಅರ್ಥವಿಲ್ಲದ ಎಂಟು ಅಕ್ಷರಗಳ ಬೇರೆ ಬೇರೆ ಪದ, ಒಂದೊಂದೂ ಬೇರೆ ಬೇರೆ ಐಪಿ ವಿಳಾಸದಿಂದ. ಮೂರನೆಯ ವಾರ ಆ ಪ್ರವಾಹ ಎಷ್ಟು ದೊಡ್ಡದಾಯಿತೆಂದರೆ, ನಮ್ಮ ಹೋಸ್ಟಿಂಗ್ ಕಂಪನಿಯವರು ಒಂದು ಸಾಲಿನ ಇಮೇಲ್ ಕಳುಹಿಸಿ, ನಮ್ಮ ವಿಳಾಸಕ್ಕೆ ಬರುವ ಸಂಚಾರವನ್ನೆಲ್ಲ 24 ಗಂಟೆ ಕಾಲ ನಿಲ್ಲಿಸಿಬಿಟ್ಟರು. ಸೆಮಿಫೈನಲ್ ತಲುಪಿದ್ದ ಹುಡುಗನೊಬ್ಬ ತನ್ನ ಮುಂದಿನ ಎದುರಾಳಿ ಯಾರೆಂದು ತಿಳಿಯದೆ ರಾತ್ರಿ ಒಂದೂವರೆಯವರೆಗೆ ಕಾದು ಕುಳಿತಿದ್ದ. ಮರುದಿನ, ಬಿಟ್‌ಕಾಯಿನ್ ಕೊಟ್ಟರೆ ದಾಳಿ ನಿಲ್ಲಿಸುವುದಾಗಿ ಹೆಸರಿಲ್ಲದ ಪತ್ರವೂ ಬಂತು.

ದುಡ್ಡಿಲ್ಲದ ನಮ್ಮಂಥವರ ಮೇಲೆ ಯಾರಾದರೂ ಏಕೆ ದಾಳಿ ಮಾಡುತ್ತಾರೆ? ನಾವು ಈಗ ಏನು ಮಾಡಬೇಕು? ತಾಣವನ್ನು ಮುಚ್ಚಿ ಎಲ್ಲವನ್ನೂ ಡಿಸ್ಕಾರ್ಡ್ ಎಂಬ ಚಾಟ್ ವೇದಿಕೆಗೆ ಸಾಗಿಸೋಣ ಎಂದು ತಂಡದಲ್ಲಿ ಇಬ್ಬರು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಸಾಗರದ_ಸರ್ವರ್ ಅವರ ಉತ್ತರ

ನಿಮ್ಮ ಲಾಗ್‌ನ ವಿವರಣೆಯಲ್ಲೇ ಅರ್ಧ ಉತ್ತರ ಸಿಗುತ್ತದೆ. ವಿಕಿಯ ಸಾಮಾನ್ಯ ಪುಟವನ್ನು ಒಮ್ಮೆ ತಯಾರಿಸಿ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟುಕೊಂಡರೆ, ಸಾವಿರ ಜನ ಕೇಳಿದರೂ ಅದೇ ಪ್ರತಿಯನ್ನು ಕೊಡಬಹುದು. ಸರ್ವರ್‌ಗೆ ಅದೊಂದು ಭಾರವೇ ಅಲ್ಲ. ಹುಡುಕಾಟ ಹಾಗಲ್ಲ. ಪ್ರತಿ ಹೊಸ ಪದಕ್ಕೂ ಡೇಟಾಬೇಸನ್ನು ಮತ್ತೆ ತಡಕಬೇಕು, ಪದ ಪ್ರತಿ ಸಲ ಬದಲಾದರೆ ಕ್ಯಾಶ್ ಇದ್ದೂ ಇಲ್ಲದಂತೆ. ಎರಡನೆಯ ವಾರ ದಾಳಿಕೋರರು ಆ ಮೆತ್ತನೆಯ ಜಾಗವನ್ನು ಹುಡುಕಿ ಹೊಡೆದಿದ್ದಾರೆ. ಮೂರನೆಯ ವಾರದ್ದು ಸಂಪರ್ಕದ ಕೊಳವೆಯನ್ನೇ ಕಸದಿಂದ ತುಂಬಿಸುವ ಬೇರೆ ಬಗೆಯ ದಾಳಿ. ಅದು ಅದೇ ಜಾಲದಲ್ಲಿರುವ ಇತರ ಗ್ರಾಹಕರಿಗೂ ತಟ್ಟುತ್ತದೆ; ಆದ್ದರಿಂದಲೇ ಹೋಸ್ಟಿಂಗ್‌ನವರು ನಿಮ್ಮ ವಿಳಾಸವನ್ನು ಕಡಿದುಹಾಕುತ್ತಾರೆ. ಅವರ ಲೆಕ್ಕದಲ್ಲಿ ಅದು ರಕ್ಷಣೆ, ಆದರೆ ದಾಳಿಕೋರನಿಗೆ ಬೇಕಾಗಿದ್ದೂ ಅದೇ.

ಸರ್ವರ್‌ನ ಎದುರಿಗೆ ಒಂದು ಪ್ರಾಕ್ಸಿ ಸೇವೆ (ಬರುವ ಸಂಚಾರವನ್ನು ಮೊದಲು ತಾನೇ ಪಡೆದು ಸೋಸಿ ಒಳಬಿಡುವ ಮಧ್ಯವರ್ತಿ) ಇಟ್ಟುಕೊಳ್ಳಿ. ಇಂಥ ಸೇವೆ ಕೊಡುವ ಕ್ಲೌಡ್‌ಫ್ಲೇರ್ ಕಂಪನಿ 2017ರ ಸೆಪ್ಟೆಂಬರ್‌ನಿಂದ, ದಾಳಿ ಎಷ್ಟೇ ದೊಡ್ಡದಿರಲಿ, ಉಚಿತ ಖಾತೆಯವರಿಗೂ ರಕ್ಷಣೆ ಕೊಡುತ್ತಿದೆ. ಆದರೆ ಬಹಳ ಜನ ಎಡವುವುದು ಇದರ ನಂತರದ ಹೆಜ್ಜೆಯಲ್ಲಿ. ನಿಮ್ಮ ಸರ್ವರ್‌ನ ಅಸಲಿ ಐಪಿ ವಿಳಾಸ ದಾಳಿಕೋರರಿಗೆ ಈಗಾಗಲೇ ಗೊತ್ತು. ಮುಂಬಾಗಿಲಿಗೆ ಕಾವಲಿಟ್ಟರೂ ಅವರು ಹಿತ್ತಿಲಿನಿಂದ ನೇರವಾಗಿ ಅಲ್ಲಿಗೇ ಹೊಡೆಯುತ್ತಾರೆ. ಪ್ರಾಕ್ಸಿ ಸಿದ್ಧವಾದ ಮೇಲೆ ಹೋಸ್ಟಿಂಗ್‌ನವರಿಂದ ಹೊಸ ವಿಳಾಸ ಪಡೆದು, ಪ್ರಾಕ್ಸಿಯ ವಿಳಾಸಗಳಿಂದ ಬಂದದ್ದನ್ನು ಮಾತ್ರ ಒಳಬಿಡುವಂತೆ ಫೈರ್‌ವಾಲ್ ಕಟ್ಟಿ. ಪಾಸ್‌ವರ್ಡ್ ಮರೆತವರಿಗೆ ನಿಮ್ಮ ವಿಕಿ ಅದೇ ಸರ್ವರ್‌ನಿಂದ ಇಮೇಲ್ ಕಳುಹಿಸುತ್ತಿದ್ದರೆ ಆ ಪತ್ರದ ಶಿರೋಭಾಗದಲ್ಲಿ ಹೊಸ ವಿಳಾಸವೂ ಬಯಲಾಗುತ್ತದೆ, ಹಾಗಾಗಿ ಇಮೇಲ್ ಕೆಲಸವನ್ನು ಬೇರೆ ಸೇವೆಗೆ ವಹಿಸಿ.

ಬ್ರ್ಯಾಕೆಟ್ ಪುಟವನ್ನು ವಿಕಿಯಿಂದ ಪೂರ್ತಿ ಬೇರೆ ಮಾಡಿ, ಡೇಟಾಬೇಸ್ ಬೇಡದ ಸರಳ ಪುಟವಾಗಿ ಬೇರೆ ಕಡೆ ಇಡಿ. ಟೂರ್ನಿಯ ಹೊತ್ತಿನಲ್ಲಿ ಹುಡುಕಾಟವು ಲಾಗಿನ್ ಆದವರಿಗೆ ಮಾತ್ರ ಸಿಗಲಿ.

ಹುಬ್ಬಳ್ಳಿ_ಅರ್ಕೇಡ್ ಅವರ ಉತ್ತರ

ಏಕೆ ಎಂಬ ಪ್ರಶ್ನೆಗೆ ನನ್ನ ಉತ್ತರ. ಇಂಥ ದಾಳಿಗೆ ಈಗ ಜಾಣ್ಮೆಯೂ ಬೇಕಿಲ್ಲ, ದೊಡ್ಡ ಹಗೆಯೂ ಬೇಕಿಲ್ಲ. ಬೂಟರ್ ಎಂಬ ಬಾಡಿಗೆ ಸೇವೆಗಳಿಗೆ ಸಣ್ಣ ಮೊತ್ತ ಕಟ್ಟಿದರೆ ಸಾಕು, ವಿಳಾಸ ಬರೆದುಕೊಟ್ಟರೆ ಅವರೇ ಹೊಡೆಯುತ್ತಾರೆ. ಅಮೆರಿಕದ ಅಧಿಕಾರಿಗಳು 2018ರ ಡಿಸೆಂಬರ್‌ನಲ್ಲಿ ಇಂಥ 15 ತಾಣಗಳನ್ನೂ 2022ರ ಡಿಸೆಂಬರ್‌ನಲ್ಲಿ 48 ತಾಣಗಳನ್ನೂ ವಶಪಡಿಸಿಕೊಂಡರು. ಆದರೂ ಈ ದಂಧೆ ನಿಂತಿಲ್ಲ. 2016ರಲ್ಲಿ ಇಂಟರ್ನೆಟ್‌ನ ದೊಡ್ಡ ಭಾಗವನ್ನೇ ಅಲುಗಿಸಿದ ಮಿರಾಯ್ ಬಾಟ್‌ನೆಟ್ (ಕದ್ದು ವಶಪಡಿಸಿಕೊಂಡ ಯಂತ್ರಗಳ ಜಾಲ) ಕೂಡ ಹುಟ್ಟಿದ್ದು ಆಟದ ಲೋಕದಲ್ಲೇ, ಮೈನ್‌ಕ್ರಾಫ್ಟ್ ಸರ್ವರ್‌ಗಳ ವ್ಯಾಪಾರದ ಪೈಪೋಟಿಯಲ್ಲಿ. ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟ ಮನೆ ರೂಟರ್‌ಗಳೂ ಕ್ಯಾಮೆರಾಗಳೂ ಅದರ ಸೈನಿಕರಾಗಿದ್ದವು. ನಿಮ್ಮ ಲಾಗ್‌ನಲ್ಲಿ ಕಂಡ ವಿಳಾಸಗಳಲ್ಲಿ ಹೆಚ್ಚಿನವು ತಮಗೇ ಅರಿವಿಲ್ಲದ ಇಂಥ ಮನೆಗಳದ್ದಾಗಿರಬಹುದು. ಅವುಗಳ ಮೇಲೆ ತಿರುಗಿ ದಾಳಿ ಮಾಡುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ.

ತಾಣದಷ್ಟೇ ಆಟಗಾರರ ಬಗ್ಗೆಯೂ ನನಗೆ ಚಿಂತೆಯಿದೆ. ಟೋನಿ ಕ್ಯಾನನ್ 2006ರಲ್ಲಿ ರೂಪಿಸಿದ ಜಿಜಿಪಿಒ ಎಂಬ ಆನ್‌ಲೈನ್ ಆಟದ ತಂತ್ರಾಂಶದಿಂದ ಹಿಡಿದು ಇಂದಿನ ಬಹುಪಾಲು ರೋಲ್‌ಬ್ಯಾಕ್ (ಎದುರಾಳಿಯ ನಡೆಯನ್ನು ಊಹಿಸಿ, ತಪ್ಪಾದರೆ ಹಿಂದೆ ಸರಿದು ತಿದ್ದಿಕೊಳ್ಳುವ) ಆಟಗಳವರೆಗೆ ಇಬ್ಬರು ಆಟಗಾರರ ಯಂತ್ರಗಳು ನೇರವಾಗಿ ಒಂದಕ್ಕೊಂದು ಮಾತಾಡುತ್ತವೆ. ನಡುವೆ ಸರ್ವರ್ ಇಲ್ಲದ್ದರಿಂದ ವೇಗ ಸಿಗುತ್ತದೆ. ಅದೇ ಕಾರಣಕ್ಕೆ ಎದುರಾಳಿಗೆ ನಿಮ್ಮ ಮನೆಯ ಐಪಿ ವಿಳಾಸವೂ ಸಿಗುತ್ತದೆ. ಸೋಲುತ್ತಿರುವವನು ಬೂಟರ್‌ಗೆ ಅದನ್ನು ಕೊಟ್ಟರೆ ಮೂರನೆಯ ಸುತ್ತಿನ ನಡುವೆ ನಿಮ್ಮ ಸಂಪರ್ಕ ಕಡಿಯುತ್ತದೆ, ನಿಯಮದ ಪ್ರಕಾರ ನೀವೇ ಸೋತಂತೆ. ವಿಪಿಎನ್ (ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ಸೇವೆ) ಬಳಸಿದರೆ ವಿಳಾಸ ಮರೆಯಾಗುತ್ತದೆ, ಆದರೆ ಸೆಕೆಂಡಿಗೆ 60 ಫ್ರೇಮ್ (ತೆರೆಯ ಮೇಲಿನ ಒಂದೊಂದು ಚಿತ್ರ) ಓಡುವ ಆಟದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. ದೂರದ ವಿಪಿಎನ್ ಎರಡು ಮೂರು ಫ್ರೇಮುಗಳನ್ನೇ ನುಂಗಿಬಿಡಬಹುದು. ಹಾಗಾಗಿ ದಾಳಿಯ ಶಂಕೆಯಿರುವ ವಾರಗಳಲ್ಲಾದರೂ ಸಂಪರ್ಕ ಕಡಿದ ಪಂದ್ಯವನ್ನು ಮತ್ತೆ ಆಡಿಸುವ ಅಧಿಕಾರ ಟೂರ್ನಿ ನಡೆಸುವವರ ಕೈಯಲ್ಲಿರಲಿ.

ಲಾಗ್‌ಗಳನ್ನೂ ಆ ಪತ್ರವನ್ನೂ ಅಳಿಸಬೇಡಿ. ಜಾಲತಾಣಕ್ಕೆ ಹೋಗುವ ದಾರಿ ಮುಚ್ಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43 ಮತ್ತು 66ರ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಗುರಿಯಾಗಬಲ್ಲ ಅಪರಾಧ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಕಳೆದ ತಿಂಗಳುಗಳಲ್ಲಿ ನೀವು ನಿಷೇಧಿಸಿದ ಆಟಗಾರರ ಮೇಲೆ ಸಂಶಯ ಬರುವುದು ಸಹಜ, ಆದರೆ ಪುರಾವೆ ಇಲ್ಲದೆ ಯಾರ ಹೆಸರನ್ನೂ ಬಹಿರಂಗವಾಗಿ ಎತ್ತಬೇಡಿ.

ಸುಜಲಾ_ಭದ್ರತೆ ಅವರ ಉತ್ತರ

ಹಣ ಕೊಡಬೇಡಿ. ಕೊಟ್ಟವರು ಮತ್ತೆ ಕೊಡುತ್ತಾರೆ ಎಂಬುದು ದಾಳಿಕೋರರಿಗೆ ಚೆನ್ನಾಗಿ ಗೊತ್ತು.

ಸ್ಟ್ರೀಟ್ ಫೈಟರ್ ತಯಾರಿಸುವ ಕ್ಯಾಪ್ಕಾಮ್ ಮೇಲೆ 2020ರ ನವೆಂಬರ್‌ನಲ್ಲಿ ನಡೆದ ರಾಗ್ನರ್ ಲಾಕರ್ ಎಂಬ ಸುಲಿಗೆಕೋರ ಗುಂಪಿನ ದಾಳಿ ನಿಮಗೂ ಪಾಠವಾಗುತ್ತದೆ. ಅದು ಬೇರೆ ಜಾತಿಯ ದಾಳಿ: ಒಳನುಗ್ಗಿ, ಕಡತಗಳನ್ನು ಕದ್ದು, ಉಳಿದವಕ್ಕೆ ಬೀಗ ಜಡಿದರು. ಪೊಲೀಸರೊಂದಿಗೆ ಸಮಾಲೋಚಿಸಿದ ಕಂಪನಿಯು ದಾಳಿಕೋರರನ್ನು ಸಂಪರ್ಕಿಸಲೇ ಇಲ್ಲ. 15,649 ಜನರ ವೈಯಕ್ತಿಕ ಮಾಹಿತಿ ಕಳವಾಗಿರುವುದು ಖಚಿತವಾಯಿತು. ನಾನು ಹೇಳಬೇಕೆಂದಿರುವುದು ಅವರು ಒಳಗೆ ಬಂದ ದಾರಿಯ ಬಗ್ಗೆ. 2021ರ ಏಪ್ರಿಲ್‌ನ ವರದಿಯ ಪ್ರಕಾರ, ಉತ್ತರ ಅಮೆರಿಕದ ಅಂಗಸಂಸ್ಥೆಯಲ್ಲಿ ಕೋವಿಡ್ ಕಾಲದ ತುರ್ತಿಗೆಂದು ಉಳಿಸಿಕೊಂಡಿದ್ದ ಒಂದು ಹಳೆಯ ವಿಪಿಎನ್ ಸಾಧನವೇ ಆ ದಾರಿ. ಹೊಸದು ಬಂದ ಮೇಲೂ ಹಳೆಯದನ್ನು ಕಿತ್ತುಹಾಕಿರಲಿಲ್ಲ.

ಆರು ವರ್ಷದ ವಿಕಿಯಲ್ಲಿ ಅಂಥ ಬಾಗಿಲುಗಳು ಖಂಡಿತ ಇರುತ್ತವೆ. ನಿರ್ವಾಹಕರ ಪಟ್ಟಿ ತೆರೆದು, ಆಟ ಬಿಟ್ಟು ಹೋದವರ ಅಧಿಕಾರವನ್ನು ಇವತ್ತೇ ತೆಗೆಯಿರಿ. ಉಳಿದವರೆಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿ. ತಾಣ ಬಿದ್ದಾಗ ಎಲ್ಲರೂ ಅದನ್ನು ಎಬ್ಬಿಸುವುದರಲ್ಲೇ ಮುಳುಗಿರುತ್ತಾರೆ, ಒಳಗೆ ಯಾರು ಬಂದರೆಂದು ನೋಡುವವರು ಇರುವುದಿಲ್ಲ.

ಮಲೆನಾಡ_ಓದುಗ ಅವರ ಉತ್ತರ

ಡಿಸ್ಕಾರ್ಡ್‌ಗೆ ಹೋಗುವ ವಿಚಾರದಲ್ಲಿ ನಾನು ಪ್ರಶ್ನೆ ಕೇಳಿದವರ ಪರ. ಡಿಸ್ಕಾರ್ಡ್ ಮೇಲೆ ಇಂಥ ದಾಳಿ ನಾಟುವುದು ಕಷ್ಟ, ಅದು ನಿಜ. ಆದರೆ ಹೊಸದಾಗಿ ಆಟ ಕಲಿಯುವ ಹುಡುಗಿಯೊಬ್ಬಳು ಗೂಗಲ್‌ನಲ್ಲಿ ಹುಡುಕಿದಾಗ ಅಲ್ಲಿಯ ಮಾತುಗಳು ಅವಳಿಗೆ ಸಿಗುವುದಿಲ್ಲ. ಎದುರಾಳಿಯ ಒಂದು ಒದೆತವನ್ನು ತಡೆದರೆ ಅವನು 4 ಫ್ರೇಮ್ ಹಿಂದುಳಿಯುತ್ತಾನೆ, ನನ್ನ ಏಟು 4 ಫ್ರೇಮಿನಲ್ಲೇ ತಲುಪುತ್ತದೆ, ಆದ್ದರಿಂದ ಅಲ್ಲಿ ಹೊಡೆಯಬಹುದು ಎಂಬುದನ್ನು ನಾನು ತಿಳಿದದ್ದು ಯಾರೋ ರಾತ್ರಿಗಳನ್ನು ವ್ಯಯಿಸಿ ಫ್ರೇಮ್ ಒಂದೊಂದನ್ನೂ ಎಣಿಸಿ ತುಂಬಿದ ಒಂದು ಕೋಷ್ಟಕದಿಂದ. ಚಾಟ್‌ನಲ್ಲಿ ಅಂಥ ಕೋಷ್ಟಕ ಒಂದು ವಾರದಲ್ಲಿ ಹೂತುಹೋಗುತ್ತದೆ.

ಇವೊ ಎಂಬ ಹೆಸರಾಂತ ಫೈಟಿಂಗ್ ಗೇಮ್ ಟೂರ್ನಿಯನ್ನು ಕಟ್ಟಿದವರ ಶೋರ್ಯುಕೆನ್ ತಾಣವನ್ನು ನೆನಪಿಸಿಕೊಳ್ಳಿ. ಒಂದು ಕಾಲಕ್ಕೆ ಈ ಸಮುದಾಯದ ಜಗಲಿಯೇ ಆಗಿದ್ದ ಅದು ಯಾವ ದಾಳಿಯ ಕಾರಣಕ್ಕೂ ಅಲ್ಲದೆ ತಣ್ಣಗಾಯಿತು. ಅದರ ವಿಕಿಯಲ್ಲಿದ್ದ ಜ್ಞಾನ ಸೂಪರ್‌ಕಾಂಬೊ ವಿಕಿಯಲ್ಲಿ ಉಳಿದುಕೊಂಡದ್ದು, ಯಾರೋ ಕೆಲವರು ಅದನ್ನು ಹೊತ್ತು ಸಾಗಿಸಿದ್ದರಿಂದ. ನಿಮ್ಮ ವಿಕಿಯ ಪೂರ್ಣ ಪ್ರತಿಯನ್ನು ಪ್ರತಿ ತಿಂಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಡಿ, ಬಳಕೆದಾರರ ಖಾತೆಗಳ ಕೋಷ್ಟಕವನ್ನು ಮಾತ್ರ ಅದರಲ್ಲಿ ಸೇರಿಸಬೇಡಿ.

ಕೆಂಗೇರಿ_ಕಾಂಬೊ ಅವರ ಮರುಉತ್ತರ (ಒಂಬತ್ತು ದಿನಗಳ ನಂತರ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ರಾಕ್ಸಿ ಹಾಕಿ ವಿಳಾಸ ಬದಲಾಯಿಸಿದೆವು. ಇಮೇಲ್ ವಿಷಯದ ಎಚ್ಚರಿಕೆ ಸಿಗದಿದ್ದರೆ ಹೊಸ ವಿಳಾಸವೂ ಅದೇ ರಾತ್ರಿ ಬಯಲಾಗುತ್ತಿತ್ತು. ನಿರ್ವಾಹಕರ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು, ಈಗ ಐದು ಉಳಿದಿವೆ. ದೂರು ದಾಖಲಿಸಿದ್ದೇವೆ, ಹಣ ಕೇಳಿದವರಿಗೆ ಉತ್ತರ ಕೊಟ್ಟಿಲ್ಲ.

ಶನಿವಾರ 7 ಗಂಟೆ 40ಕ್ಕೆ ಮತ್ತೆ ಬಂದರು. ವಿಕಿ ಸುಮಾರು ಇಪ್ಪತ್ತು ನಿಮಿಷ ನಿಧಾನವಾಯಿತು, ಬ್ರ್ಯಾಕೆಟ್ ಪುಟಕ್ಕೆ ಏನೂ ಆಗಲಿಲ್ಲ. ಅಂದು ಕಾದು ಕುಳಿತಿದ್ದ ಹುಡುಗನ ಸೆಮಿಫೈನಲ್ ಪಂದ್ಯವನ್ನೂ ಅದೇ ಸಂಜೆ ಮೊದಲಿಗೆ ಆಡಿಸಿದೆವು. ವಿಕಿಯ ಪ್ರತಿಯನ್ನು ಇಳಿಸಿಕೊಂಡು ಇಟ್ಟುಕೊಳ್ಳಲು ಮೂರು ದೇಶಗಳ ಆರು ಜನ ಮುಂದೆ ಬಂದಿದ್ದಾರೆ. ಹಿಟ್‌ಬಾಕ್ಸ್ (ಏಟು ತಗಲುವ ಜಾಗವನ್ನು ತೋರಿಸುವ) ಚಿತ್ರಗಳ ಕಡತ ಬಹಳ ದೊಡ್ಡದಿರುವುದರಿಂದ ಅದನ್ನು ಹೇಗೆ ಹಂಚುವುದೆಂದು ಈ ವಾರ ನೋಡುತ್ತಿದ್ದೇವೆ.