ಸಹಾಯ ಬೇಕು: ಮಂಡಿನೋವಿರುವ ಅಮ್ಮನೊಂದಿಗೆ ಅಂಡಮಾನ್ ಪ್ರವಾಸ, ಯಾವ ದ್ವೀಪ ಸರಿ?

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಬೆಂಗಳೂರಿನಿಂದ ಅಂಡಮಾನಿಗೆ ಹೊರಟಿದ್ದೇವೆ. ನಾವಿಬ್ಬರು, 5 ವರ್ಷದ ಮಗಳು, 70 ದಾಟಿದ ಅಮ್ಮ. ಅಮ್ಮ ಇದುವರೆಗೆ ಸಮುದ್ರವನ್ನೇ ಕಂಡವರಲ್ಲ. "ನೀರಿನಲ್ಲಿ ಕಾಲಿಳಿಸಿ ಸ್ವಲ್ಪ ಹೊತ್ತು ಕುಳಿತರೆ ಸಾಕು" ಎನ್ನುತ್ತಾರೆ. ಆ ಒಂದು ಆಸೆ ಈಡೇರಲೇಬೇಕು.

ಅವರಿಗೆ ಮಂಡಿನೋವು. ಹೋದ ವರ್ಷ ಹೊಳೆ ದಾಟಲು ದೋಣಿ ಹತ್ತುವಾಗ ಒಂದು ಕಾಲು ದಡದಲ್ಲಿ, ಇನ್ನೊಂದು ಅಲುಗಾಡುವ ಹಲಗೆಯ ಮೇಲೆ. ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಉಗುರಿನ ಗುರುತು ಎರಡು ದಿನ ಉಳಿದಿತ್ತು. ಹಾಗಾಗಿ ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂನಿಂದ ಒಂದೇ ದ್ವೀಪಕ್ಕೆ ಹೋಗಿ 3 ರಾತ್ರಿ ಅಲ್ಲೇ ತಂಗುವ ಯೋಚನೆ.

ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದ ರಾಧಾನಗರ ಕಡಲತೀರದಲ್ಲಿ ಮೆತ್ತನೆಯ ಮರಳಿದೆ, ಆದರೆ ಅಲೆಗಳದ್ದೇ ಅಳುಕು. ನೀಲ್, ಅಂದರೆ ಶಹೀದ್ ದ್ವೀಪದ ಭರತ್‌ಪುರದಲ್ಲಿ ನೀರು ಆಳವಿಲ್ಲ, ಜೆಟ್ಟಿಯೂ ಹತ್ತಿರ. ಆದರೆ ಇಳಿತದ ವೇಳೆ ನೀರು ದೂರ ಸರಿದು ಹವಳದ ಕಲ್ಲುಗಳು ಮೇಲೆ ಕಾಣುತ್ತವೆ. ಉಬ್ಬರ-ಇಳಿತದ ವೇಳಾಪಟ್ಟಿಯನ್ನೂ ನೋಡಿದೆ. ಇಳಿತದ ಹೊತ್ತು ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಸೂರ್ಯನೋ ಸಂಜೆ ಐದೂಕಾಲರ ಸುಮಾರಿಗೇ ಮುಳುಗುತ್ತಾನೆ. ಏಜೆಂಟರನ್ನು ಮೂರು ಸಲ ಕೇಳಿದರೂ "ಎರಡೂ ಚೆನ್ನಾಗಿವೆ ಮೇಡಂ" ಎಂಬ ಉತ್ತರವೇ.

ವಯಸ್ಸಾದವರನ್ನು ಕರೆದುಕೊಂಡು ಹೋಗಿಬಂದವರು ದಯವಿಟ್ಟು ಹೇಳಿ: ಅಮ್ಮ ನಿಶ್ಚಿಂತೆಯಿಂದ ನೀರಿನಲ್ಲಿ ಕುಳಿತುಕೊಳ್ಳಲು ರಾಧಾನಗರವೋ, ಭರತ್‌ಪುರವೋ? ಜೆಟ್ಟಿಯಿಂದ ಹಡಗಿಗೆ ಕಾಲಿಡುವಲ್ಲಿ ಮೆಟ್ಟಿಲು ಎಷ್ಟು ಎತ್ತರವಿರುತ್ತದೆ, ಕೈಹಿಡಿದು ಹತ್ತಿಸುವವರು ಇರುತ್ತಾರೆಯೇ?